ಬಿಚ್ಚಿದ ಏಳು ಸಾಲು

ದೀಪಾವಳಿ ಕಳೆದ ಮರುವಾರ ನಾನು ಚಳಿಗಾಲದ ಪಟ್ಟಿ ಬರೆದು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವಳು ನಾನು. ಗೋಡೆಯ ಮೇಲೊಂದು ಪಟ್ಟಿ ಇಲ್ಲದಿದ್ದರೆ ದಿನ ನನ್ನ ಹಿಡಿತಕ್ಕೆ ಸಿಗುವುದಿಲ್ಲ. ಐದಕ್ಕೆ ಏಳುವುದು. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತು ನಿಮಿಷ ಕೈ ಅದ್ದಿಡುವುದು. ಆರೂವರೆಗೆ ನಡಿಗೆ. ಎಂಟಕ್ಕೆ ರಾಗಿ ಗಂಜಿ, ಮಾತ್ರೆ. ಒಂಬತ್ತಕ್ಕೆ ಸೂಜಿ. ಸಂಜೆ ಕೈಗೂ ಹಿಮ್ಮಡಿಗೂ ಹರಳೆಣ್ಣೆ, ಮೇಲೆ ಕಾಲುಚೀಲ.

ಎಣ್ಣೆಯನ್ನು ಸಂಜೆಗೇ ಇಟ್ಟಿರುವುದಕ್ಕೆ ಕಾರಣವಿದೆ. ಚಳ್ಳಕೆರೆಯ ಚಳಿ ಒಣ ಚಳಿ. ಶೇಂಗಾ ಕಿತ್ತು ಬರಿದಾದ ಹೊಲಗಳ ಮೇಲಿಂದ ಬರುವ ಗಾಳಿಗೆ ತುಟಿ ಒಡೆಯುತ್ತದೆ, ಹಿಮ್ಮಡಿ ಒಡೆಯುತ್ತದೆ, ಬೆರಳ ತುದಿಯೂ ಬಿರಿಯುತ್ತದೆ. ಬಿರಿದ ಬೆರಳಿಗೆ ದಾರದ ಎಳೆ ಸಿಕ್ಕಿಕೊಳ್ಳುತ್ತದೆ. ಬೆಳಿಗ್ಗೆಯೇ ಎಣ್ಣೆ ಹಚ್ಚಿಕೊಂಡರೆ ಬಟ್ಟೆಗೆ ಕಲೆ. ಹಚ್ಚದಿದ್ದರೆ ನೋವು. ನಿವೃತ್ತಿಯಾದ ಮೇಲೆ ಹಿಡಿದ ಹೊಲಿಗೆಯ ಹವ್ಯಾಸಕ್ಕೆ ಇಷ್ಟೊಂದು ಕಟ್ಟುಪಾಡು ಬೇಕೇ ಎಂದು ನನ್ನ ಯಜಮಾನರು ಪ್ರತಿ ವರ್ಷ ಕೇಳುತ್ತಾರೆ. ಬೇಕು.

ಈ ವರ್ಷ ಪಟ್ಟಿಯ ಕೊನೆಯಲ್ಲಿ ‘ಅವ್ವನ ಕೌದಿ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಅವ್ವ ಎಂದರೆ ನನ್ನ ಅತ್ತೆ. ಅವರು ತೀರಿಕೊಂಡು ಎರಡು ಚಳಿಗಾಲ ಕಳೆದಿವೆ. ಟ್ರಂಕಿನಲ್ಲಿ ಒಂಬತ್ತು ನೂಲಿನ ಸೀರೆ ಬಿಟ್ಟು ಹೋಗಿದ್ದರು, ಒಗೆದು ಒಗೆದು ಮಗುವಿನ ಕೆನ್ನೆಯಷ್ಟು ಮೆತ್ತಗಾದವು. ಅವುಗಳಿಂದ ಕೌದಿ ಹೊಲಿದು ತಮ್ಮ ಮಗಳಿಗೆ ಕೊಡಬೇಕೆಂದು ನನಗೇ ಹೇಳಿದ್ದರು. ಎರಡು ವರ್ಷ ನಾನು ಮುಂದೂಡಿದ್ದೆ. ಬಲಗೈ ಹೆಬ್ಬೆರಳಿನ ಬುಡದ ಕೀಲು ಸವೆದಿದೆ. ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಸೂಜಿ ಹಿಡಿಯಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಅರ್ಧ ಗಂಟೆಯಂತೆ ಲೆಕ್ಕ ಹಾಕಿದರೆ ಕೌದಿ ಮುಗಿಯುವುದು ಯುಗಾದಿಗೆ. ಬೇಸಿಗೆಯಲ್ಲಿ ಕೌದಿ ಯಾರಿಗೆ ಬೇಕು? “ಮನೆ ತುಂಬಾ ಕಂಬಳಿ ಐತೆ, ಸುಮ್ನಿರು” ಎಂದರು ಯಜಮಾನರು. ನಾನು ಸುಮ್ಮನಿರಲಿಲ್ಲ. ಮೊಳಕಾಲ್ಮೂರಿಗೆ ಫೋನ್ ಮಾಡಿ ನಾದಿನಿಯನ್ನೇ ಕರೆಸಿಕೊಂಡೆ. ಅವಳ ಕೌದಿ, ಅವಳೂ ಅರ್ಧ ಹೊಲಿಯಲಿ.

ನಾದಿನಿ ಹುಟ್ಟಿದ್ದು ಈ ಮನೆಯಲ್ಲಿ, ಸೇರಿದ್ದು ಮೊಳಕಾಲ್ಮೂರಿನ ನೇಕಾರರ ಮನೆ. ಮಗ್ಗದ ಮೇಲಿನ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಬೆರಳಲ್ಲೇ ಹೊಸೆದು ಸೇರಿಸುವುದು ಅವಳ ಕೆಲಸವಾಗಿತ್ತು. ಒಂದು ಸಲಕ್ಕೆ ಸಾವಿರಾರು ರೇಷ್ಮೆ ಎಳೆ. ಅತ್ತೆಮನೆಯ ಮಾತು ತೆಲುಗಾದ್ದರಿಂದ ನನ್ನನ್ನು ಅತ್ತಿಗೆ ಎನ್ನುವುದನ್ನು ಎಂದೋ ಬಿಟ್ಟು ವದಿನ ಎನ್ನುತ್ತಾಳೆ. ಬಸ್ಸಿನಲ್ಲಿ ತಳಕು ದಾಟುವಾಗಲೇ ಫೋನ್ ಮಾಡಿದಳು: “ವದಿನ, ಚಹಾ ಇಡು. ಪಟ್ಟಿಯಾಗೆ ಇಲ್ಲ ಅನ್ಬೇಡ.”

ಬಂದ ದಿನದಿಂದ ನನ್ನ ಪಟ್ಟಿ ಕೆಟ್ಟಿತು. ಅವಳಿಗೆ ಒಂಬತ್ತು ಗಂಟೆ ಎನ್ನುವುದೇ ಇಲ್ಲ. ಮನಸ್ಸು ಬಂದಾಗ ಸೂಜಿ, ಮನಸ್ಸು ಬಂದಾಗ ನಿದ್ದೆ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದ್ದರೂ ಗುಳಿಗೆಯನ್ನು ನೆನಪಾದಾಗ ನುಂಗುತ್ತಾಳೆ. ಚಹಾ ಬಗ್ಗಿಸುವಾಗ ಲೋಟದೊಳಗೆ ಬೆರಳು ಇಳಿಬಿಡುತ್ತಾಳೆ. ಅದಕ್ಕೆ ನಾನು ಎರಡು ಸಲ ಗದರಿದೆ. ಮೂರನೆಯ ಸಲ ಲೋಟವನ್ನೇ ಕಸಿದುಕೊಂಡು ತೊಳೆದೆ. ಕೋಣೆಯಲ್ಲಿ ಒಳ್ಳೆಯ ದೀಪವಿದ್ದರೂ ಹೊಸ್ತಿಲ ಬಳಿ ಬಿಸಿಲಿಗೇ ಕೂರಬೇಕು. ಬೆಳಿಗ್ಗೆ ಎದ್ದ ಕೂಡಲೇ ನಾನು ಐದಾರು ಸೂಜಿಗೆ ದಾರ ಪೋಣಿಸಿ ಅವಳ ಮುಂದಿಡಬೇಕು, ಏಕೆಂದರೆ ನನ್ನ ಕೈ ಬಲು ಚುರುಕಂತೆ. ನಾನು ತಂದಿದ್ದ ಸಣ್ಣ ದಾರ ಬೇಡವೆಂದು ಹಟ ಹಿಡಿದಳು. ಮಾರ್ಕೆಟ್ಟಿಗೆ ಹೋಗಿ ಅವಳು ಕೇಳಿದ ದಾರ ತೋರಿಸಿ ಎಂದಾಗ ಅಂಗಡಿಯ ಸಾಹೇಬರು ನನ್ನ ಮುಖ ನೋಡಿದರು. “ಇಷ್ಟು ಮೋಟಾ ದಾರ ಗೋಣಿಚೀಲಕ್ಕೆ ಹಾಕ್ತಾರಮ್ಮ” ಎಂದರು. ನನಗೆ ನಾಚಿಕೆಯಾಯಿತು.

ನೆಲದ ಮೇಲೆ ಸೀರೆಗಳನ್ನು ಪದರಪದರವಾಗಿ ಹಾಸಿ, ಮೂಲೆಗಳಿಗೆ ಕಲ್ಲು ಹೇರಿ, ಸುಕ್ಕು ಬಿಡಿಸಿದವಳು ನಾನು. ವಾರ್ಡಿನ ಮಂಚಕ್ಕೆ ಹಾಸಿದಂತೆ ಹಾಸಿದ್ದೆ. ಒಂದು ನಿರಿಗೆ ಇರಲಿಲ್ಲ. ಎರಡು ಅಂಚುಗಳಿಂದ ಇಬ್ಬರೂ ಹೊಲಿಯುತ್ತ ಬಂದು ನಡುವೆ ಕೂಡಬೇಕು ಎಂದು ಒಪ್ಪಂದ. ನನ್ನ ಕಡೆಯ ಸಾಲುಗಳು ಅಳತೆಪಟ್ಟಿ ಇಟ್ಟಂತೆ ನೇರ, ಹೊಲಿಗೆ ಅಕ್ಕಿಕಾಳಿನಷ್ಟು. ಅವಳ ಕಡೆ ನೋಡಿದರೆ ಸಾಲು ಮೇಲೇರುತ್ತದೆ, ಇಳಿಯುತ್ತದೆ, ಎಲ್ಲೋ ತಿರುಗಿ ಮತ್ತೆ ದಾರಿಗೆ ಬರುತ್ತದೆ. ಹೊಲಿಗೆ ಒಂದೊಂದೂ ಅವರೆಕಾಳಿನಷ್ಟು. ಯಜಮಾನರು ಬಗ್ಗಿ ನೋಡಿ ತಂಗಿಗೆ ಹೇಳಿದರು: “ಎತ್ತು ಉಚ್ಚೆ ಹೊಯ್ದಂಗೈತೆ ಕಣೇ.” ಅವಳು ನಗುತ್ತಲೇ ಇದ್ದಳು. “ಹೊದ್ಕೊಂಡೋರಿಗೆ ಚಳಿ ಬಿಟ್ರೆ ಸಾಕಲ್ಲ. ಸಾಲು ಎಣಿಸ್ತಾ ಮಲಗ್ತಾರಾ ಯಾರಾದ್ರೂ?”

ಹತ್ತು ದಿನ ಸಹಿಸಿದೆ. ದಿನವೂ ಒಂಬತ್ತೂವರೆಗೆ ನನ್ನ ಅರ್ಧ ಗಂಟೆ ಮುಗಿಯುತ್ತಿತ್ತು. ಕೈ ನೀವಿಕೊಳ್ಳುತ್ತ ಅವಳ ಸೊಟ್ಟ ಸಾಲುಗಳು ಅವ್ವನ ನೀಲಿ ಸೀರೆಯ ಮೇಲೆ ಹಬ್ಬುವುದನ್ನು ನೋಡುತ್ತ ಕೂರುತ್ತಿದ್ದೆ. ಆ ಸೀರೆಯನ್ನು ಅವ್ವ ಸೋಮವಾರ ಉಡುತ್ತಿದ್ದರು. ನನಗೆ ನಿಜವಾಗಿ ಹಿಂಸೆಯಾಗುತ್ತಿತ್ತು.

ಹನ್ನೊಂದನೆಯ ದಿನ ಅವಳು ಯಾರದೋ ಗೃಹಪ್ರವೇಶಕ್ಕೆಂದು ಮೊಳಕಾಲ್ಮೂರಿಗೆ ಹೋದಳು, ಎರಡು ದಿನ ಬಿಟ್ಟು ಬರುವುದಾಗಿ. ಅವಳು ಬಸ್ಸು ಹತ್ತುವಷ್ಟರಲ್ಲಿ ನಾನು ಸಣ್ಣ ಕತ್ತರಿ ಹಿಡಿದು ಕೌದಿಯ ಮುಂದೆ ಕೂತಿದ್ದೆ. ಅವಳ ಏಳು ಸಾಲನ್ನೂ ಬಿಚ್ಚಿದೆ. ದಪ್ಪ ದಾರವನ್ನೆಲ್ಲ ಸುತ್ತಿ ಡಬ್ಬಿಗೆ ಹಾಕಿದೆ. ಎರಡು ದಿನ, ದಿನಕ್ಕೆ ಐದು ಗಂಟೆ ಕೂತು, ಅದೇ ಏಳು ಸಾಲುಗಳನ್ನು ನನ್ನ ಸಣ್ಣ ದಾರದಲ್ಲಿ ನೆಟ್ಟಗೆ ಹೊಲಿದೆ. ಪಟ್ಟಿ ಬರೆದವಳೇ ಪಟ್ಟಿ ಮುರಿದಿದ್ದೆ. ಎರಡನೆಯ ದಿನ ಸಂಜೆಯ ಹೊತ್ತಿಗೆ ಹೆಬ್ಬೆರಳು ಊದಿಕೊಂಡು ಬಿಸಿಯಾಗಿತ್ತು. ಆದರೂ ಸಾಲುಗಳನ್ನು ನೋಡಿದಾಗ ತೃಪ್ತಿಯಾಯಿತು ಎಂದು ಒಪ್ಪಿಕೊಳ್ಳಬೇಕು.

ಅವಳು ಮರಳಿ ಬಂದಳು. ಕಾಲು ತೊಳೆದು, ಹೊಸ್ತಿಲ ಬಳಿ ಕೂತು, ಎಂದಿನಂತೆ ಅಂಚಿನ ಮೇಲೆ ಎಡಗೈ ಇಟ್ಟಳು. ಅಂಗೈ ಒಳಕ್ಕೆ ಸರಿಯಿತು. ಮತ್ತೆ ಅಂಚಿಗೆ ಬಂತು. ಮತ್ತೆ ಒಳಕ್ಕೆ. ಈ ಕೈಯಾಟವನ್ನು ನಾನು ಹತ್ತು ದಿನ ನೋಡಿದ್ದೆ. ಸುಕ್ಕು ಸವರುತ್ತಾಳೆ ಎಂದುಕೊಂಡಿದ್ದೆ.

“ವದಿನ, ನನ್ನ ಸಾಲು ಎಲ್ಲಿ?”

“ಸೊಟ್ಟಗಿದ್ವು. ನೆಟ್ಟಗೆ ಮಾಡೀನಿ.”

“ಎಷ್ಟು?”

“ಏಳೂ. ಕಣ್ಣೆದುರಿಗೇ ಐತಲ್ಲ, ನೋಡು.”

“ನೋಡಕ್ಕೆ ಆಗ್ತಿದ್ರೆ ಕೇಳ್ತಿದ್ನಾ?” ಎಂದಳು.

ಆಮೇಲೆ ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಬಸ್ಸಿನ ವೇಳೆ ಹೇಳುವವಳಂತೆ. ಯುಗಾದಿಯಿಂದ ಈಚೆಗೆ ಎಡಗಣ್ಣಿನ ನಡುವೆ ಏನೂ ಕಾಣುವುದಿಲ್ಲ, ಸುತ್ತ ಸ್ವಲ್ಪ ಬೆಳಕು. ಬಲಗಣ್ಣಿಗೆ ಎಲ್ಲವೂ ಹೊಗೆಯ ಹಿಂದೆ ಇದ್ದಂತೆ. ಮೊದಲ ಸಾಲು ಅಂಚನ್ನು ಮುಟ್ಟಿಕೊಂಡು ಹೊಲಿದಿದ್ದಳು. ಆ ಸಾಲಿನ ದಪ್ಪ ದಾರದ ಉಬ್ಬನ್ನು ಎಡಗೈ ತೋರುಬೆರಳಲ್ಲಿ ಹಿಡಿದು ಅದರ ಪಕ್ಕಕ್ಕೆ ಎರಡನೆಯದು, ಎರಡನೆಯದರ ಪಕ್ಕಕ್ಕೆ ಮೂರನೆಯದು. ಹಿಂದಿನ ಸಾಲು ಎಲ್ಲಿ ಬಾಗಿತ್ತೋ ಮುಂದಿನದೂ ಅಲ್ಲೇ ಬಾಗುತ್ತಿತ್ತು. ಮಗ್ಗದ ಎಳೆ ಹುಡುಕಿದ ಬೆರಳಿಗೆ ಅಷ್ಟು ಸಾಕಿತ್ತು. ನನ್ನ ಅಕ್ಕಿಕಾಳು ಹೊಲಿಗೆ ಆ ಮೆತ್ತನೆಯ ಬಟ್ಟೆಯೊಳಗೆ ಮುಳುಗಿಹೋಗಿತ್ತು. ಅವಳ ಬೆರಳಿಗೆ ಅಲ್ಲಿ ಏನೂ ಸಿಗುತ್ತಿರಲಿಲ್ಲ.

ನನಗೆ ಮೊದಲು ಬಂದದ್ದು ಸಿಟ್ಟು. ನರ್ಸ್ ಮನೆಯಲ್ಲೇ ಇರುವಾಗ ಯುಗಾದಿಯಿಂದ ಹೇಳದೆ ಇದ್ದಾಳೆ ಎಂದು ಸಿಟ್ಟು. ಯಾಕೆ ಮುಚ್ಚಿಟ್ಟೆ ಎಂದು ಜೋರಾಗಿಯೇ ಕೇಳಿದೆ.

“ಹೇಳಿದ್ರೆ ನೀನು ಏನ್ ಮಾಡ್ತಿದ್ದೆ ಹೇಳು” ಎಂದಳು. “ಮಂಚದ ಮೇಲೆ ಮಲಗಿಸಿ, ಟೈಮಿಗೆ ಗುಳಿಗೆ ಕೊಟ್ಟು, ಕೈಯಾಗಿನ ಸೂಜಿ ಕಿತ್ಕೊಳ್ತಿದ್ದೆ. ಅವ್ವನ ಸೀರೆ ಮ್ಯಾಲೆ ನಂದೂ ನಾಕು ಸಾಲು ಇರ್ಲಿ ಅಂತ ಬಂದೆ. ಮುಂದಿನ ಚಳಿಗೆ ಇಷ್ಟೂ ಕಾಣ್ಸುತ್ತೋ ಇಲ್ಲೋ.”

ಅವಳು ಹೇಳಿದ್ದನ್ನೇ, ಅದೇ ಕ್ರಮದಲ್ಲಿ, ನಾನು ಮಾಡುತ್ತಿದ್ದೆ.

ಮರುದಿನವೇ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆ. ಸೂಜಿ ಕಸಿಯುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಅವಳು ಬಸ್ಸು ಹತ್ತಿದ್ದು. ಸಕ್ಕರೆಯಿಂದ ಕಣ್ಣಿನ ಒಳಪರದೆ ಹಾಳಾಗಿದೆ, ಹೋದದ್ದು ಬರುವುದಿಲ್ಲ, ಲೇಸರ್ ಮಾಡಿಸಿ ಸಕ್ಕರೆ ಹಿಡಿತದಲ್ಲಿಟ್ಟರೆ ಉಳಿದದ್ದನ್ನು ಉಳಿಸಲು ನೋಡಬಹುದು ಎಂದರು ಕಣ್ಣಿನ ಡಾಕ್ಟರು. ಯಾವ ವಾರ ಬರಬೇಕೆಂದು ನಾನು ಚೀಟಿಯಲ್ಲಿ ಬರೆದುಕೊಂಡೆ. ಬರೆಯುವಾಗ ಹೆಬ್ಬೆರಳು ಪೆನ್ನನ್ನೂ ಸರಿಯಾಗಿ ಹಿಡಿಯಲಿಲ್ಲ. ಎಷ್ಟು ರೋಗಿಗಳ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದವಳು ನಾನು. ಲೋಟದೊಳಗಿನ ಬೆರಳು ಚಹಾ ಎಲ್ಲಿಯವರೆಗೆ ಬಂತೆಂದು ಅಳೆಯುತ್ತಿತ್ತು. ನಾನು ಅದಕ್ಕೆ ಶುಚಿತ್ವದ ಪಾಠ ಹೇಳಿದ್ದೆ. ಬಸ್ಸಿನಲ್ಲಿ ಮರಳುವಾಗ ಇದನ್ನೇ ಯೋಚಿಸುತ್ತಿದ್ದೆ. ಅವಳು ಪಕ್ಕದಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು.

ನನ್ನ ಕೈಯ ಡಾಕ್ಟರು ಅದೇ ವಾರ ಹೆಬ್ಬೆರಳಿಗೆ ಪಟ್ಟಿ ಬಿಗಿದು, ಒಂದು ತಿಂಗಳು ಸೂಜಿ ಮುಟ್ಟಕೂಡದು ಎಂದರು. ಅಡುಗೆಮನೆಯ ಬಾಗಿಲ ಹಿಂದಿನ ಪಟ್ಟಿಯಲ್ಲಿ ‘ಒಂಬತ್ತಕ್ಕೆ ಸೂಜಿ’ ಎಂಬುದನ್ನು ಎಡಗೈಯಲ್ಲಿ ಹೊಡೆದುಹಾಕಿದೆ. ಆ ಗೆರೆಯೂ ಸೊಟ್ಟಗೆ ಬಂತು. ಅವಳ ಗುಳಿಗೆಗಳ ವೇಳೆಯನ್ನು ದೊಡ್ಡ ಅಕ್ಷರದಲ್ಲಿ ಪಕ್ಕಕ್ಕೆ ಬರೆಸಿ ಅಂಟಿಸಿದೆ. ಅಂಟಿಸಿದ ಮೇಲೆ ಹೊಳೆಯಿತು, ಓದುವವಳು ನಾನೇ ಎಂದು.

ನನ್ನ ಏಳು ಸಾಲು ಬಿಚ್ಚಿಬಿಡೋಣ ಎಂದೆ. ನನ್ನ ಕೈಯಲ್ಲಾಗದು, ಯಜಮಾನರು ಬಿಚ್ಚಲಿ ಎಂದೆ. ಅವಳು ಬೇಡವೆಂದಳು. “ಹಳೇ ಬಟ್ಟೆ ಅದು. ಒಂದ್ ಸಲ ಬಿಚ್ಚಿದ್ದಾಗೈತೆ. ಇನ್ನೊಂದ್ ಸಲ ಬಿಚ್ಚಿದ್ರೆ ಹರೀತೈತೆ.” ಸರಿಯಾದ ಮಾತು. ಬಟ್ಟೆಯ ವಿಷಯದಲ್ಲಿ ಅವಳು ತಪ್ಪು ಹೇಳುವುದಿಲ್ಲ. ಹಾಗಾಗಿ ಆ ಸಾಲುಗಳು ಅಲ್ಲೇ ಉಳಿದವು. ಅವಳು ಅಂಚನ್ನು ಮುಟ್ಟಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದಳು, ಅದೇ ನೀಲಿಯ ಮೇಲೆ, ಗೋಣಿಚೀಲದ ದಾರದಲ್ಲಿ. ಅವಳ ಸಾಲು ನನ್ನ ಸಾಲಿನ ಮೇಲೆ ಹತ್ತುತ್ತದೆ, ಅಡ್ಡ ಹಾಯುತ್ತದೆ, ಇನ್ನೊಂದರ ಮೇಲೆ ಹೋಗಿ ಕೂರುತ್ತದೆ. ಅವಳಿಗೆ ಗೊತ್ತಾಗುವುದಿಲ್ಲ. ನನಗೆ ಪ್ರತಿಯೊಂದೂ ಕಾಣುತ್ತದೆ. ಕೈಗೆ ಪಟ್ಟಿ ಇರುವುದು ಒಂದು ರೀತಿಯಲ್ಲಿ ಒಳ್ಳೆಯದೇ.

ಚಳಿ ಬಂದಾಗಿದೆ. ಬೆಳಿಗ್ಗೆ ನಡಿಗೆಗೆ ಹೋದಾಗ ಕಿವಿ ಕೊರೆಯುತ್ತದೆ. ಕೌದಿ ಮೂರನೆಯ ಒಂದು ಪಾಲೂ ಆಗಿಲ್ಲ. ಈ ಚಳಿಗೆ ಅದು ಮುಗಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಯಜಮಾನರು ತಂಗಿಗೆ ಒಂದು ಕರಿ ಕಂಬಳಿ ತೆಗೆದುಕೊಟ್ಟಿದ್ದಾರೆ, ಚುಚ್ಚುತ್ತದೆ ಎಂದು ಗೊಣಗುತ್ತ ಅದನ್ನೇ ಹೊದೆಯುತ್ತಾಳೆ. ಒಂಬತ್ತಕ್ಕೆ ನಾನು ಎಂಟು ಸೂಜಿಗೆ ದಾರ ಪೋಣಿಸುತ್ತೇನೆ. ಎಡಗೈಯಲ್ಲಿ ಪೋಣಿಸಲು ಇಪ್ಪತ್ತು ನಿಮಿಷ ಬೇಕು. ಎಂಟನ್ನೂ ಒಂದು ನಿಂಬೆಹಣ್ಣಿಗೆ ಚುಚ್ಚಿ ಅವಳ ಬಲಗಡೆ ಇಡುತ್ತೇನೆ, ದಿನವೂ ಅದೇ ಜಾಗದಲ್ಲಿ, ಬೆರಳಿಗೆ ಸಿಗುವಂತೆ. ನನ್ನ ಶಿಸ್ತಿನಲ್ಲಿ ಅವಳಿಗೆ ಉಪಯೋಗಕ್ಕೆ ಬಂದದ್ದು ಇದೊಂದೇ.

ಇವತ್ತು ಒಂದು ಸಾಲು ಮುಗಿಸಿ ದಾರ ಕಡಿದು, ಮುಖವನ್ನು ನನ್ನ ಕಡೆ ತಿರುಗಿಸಿದಳು.

“ನೆಟ್ಟಗೈತಾ ವದಿನ?”

ನೋಡಿದೆ. ನಾಲ್ಕು ಕಡೆ ನನ್ನ ಸಾಲನ್ನು ತುಳಿದಿತ್ತು.

“ಇಲ್ಲ” ಎಂದೆ.

“ಹಂಗಾದ್ರೆ ಅದು ನಂದೇ” ಎಂದಳು, ಮತ್ತು ಮುಂದಿನ ಸೂಜಿಗೆ ಕೈ ಚಾಚಿದಳು. ನಿಂಬೆಹಣ್ಣು ಜಾಗದಲ್ಲೇ ಇತ್ತು.