ಇನ್ನಾಸಿಯ ಅಳತೆಯ ಮೇಣದಬತ್ತಿ

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಜರಡಿ ಹಿಡಿಯುವ ರೆಜಿನಮ್ಮ ಪ್ರತಿ ಸೆಪ್ಟೆಂಬರಿನಲ್ಲೂ ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಒಂದು ದಾರ ಹಿಡಿದು ಹೋಗುತ್ತಿದ್ದರು. ಅದು ಮಗ ಇನ್ನಾಸಿಯ ಉದ್ದದ ದಾರ. ಕಾಯಿಲೆ ಬಿದ್ದವರ ಎತ್ತರಕ್ಕೆ ಸಮನಾದ ಮೇಣದಬತ್ತಿಯನ್ನು ಮಾತೆಯ ಮುಂದೆ ಹಚ್ಚುವುದು ಅವರ ಮನೆತನದ ಹರಕೆ.

ಇನ್ನಾಸಿಯದು ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ. ಶಾಲೆಯ ಮೆಟ್ಟಿಲಲ್ಲಿ ಬೀಳತೊಡಗಿದ ವರ್ಷ ಅವನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಮೊದಲ ಅಳತೆ ತೆಗೆದಿದ್ದರು. ಆಮೇಲೆ ಗಾಲಿಕುರ್ಚಿ ಬಂತು, ಆಮೇಲೆ ಮಂಚವೇ ಗತಿಯಾಯಿತು. ಮಡಚಿಕೊಂಡ ಮಂಡಿಗಳು ಮತ್ತೆ ನೇರವಾಗಲಿಲ್ಲ. ಮಲಗಿದವನ ನೆತ್ತಿಯಿಂದ ಹಿಮ್ಮಡಿಗೆ ದಾರ ಎಳೆದರೆ ಪ್ರತಿ ವರ್ಷ ಅವನು ಬೆಳೆದ ಎತ್ತರಕ್ಕಿಂತ ಗಿಡ್ಡ ಬರುತ್ತಿತ್ತು. ರೆಜಿನಮ್ಮ ಯಾರಿಗೂ ಹೇಳದೆ ಒಂದು ಗೇಣು ಸೇರಿಸಿ ಕತ್ತರಿಸುತ್ತಿದ್ದರು.

ಚರ್ಚಿನ ಬೀದಿಯಲ್ಲಿ ನೂರ್ಜಹಾನ್ ಆ ದಾರದ ಉದ್ದಕ್ಕೆ ಬತ್ತಿ ಕಟ್ಟಿ ಮೇಣ ಸುರಿದುಕೊಡುತ್ತಿದ್ದರು. “ರೆಜಿನಕ್ಕ, ನಿಮ್ ಹುಡುಗ ಇನ್ಮ್ಯಾಲೆ ಬಾಗ್ಲಾಗೆ ತಲೆ ತಗ್ಗಿಸಿ ಬರ್ಬೇಕು ನೋಡ್ರಿ,” ಎಂದು ನಗುತ್ತಿದ್ದರು. ರೆಜಿನಮ್ಮನೂ ನಗುತ್ತಿದ್ದರು.

ಕಳೆದ ವರ್ಷ ಹಬ್ಬದ ಹೊತ್ತಿಗೆ ಉಸಿರೆಳೆಯುವ ಸ್ನಾಯುಗಳೂ ಸೋತಿವೆ, ಮಾಡುವುದೇನೂ ಉಳಿದಿಲ್ಲ ಎಂದು ಡಾಕ್ಟರು ಹೇಳಿದ್ದರು. ತಾಯಿ ದಾರ ಹಿಡಿದು ಬಗ್ಗಿದಾಗ ಇನ್ನಾಸಿ ಕಣ್ಣು ತೆರೆದ.

“ಅಮ್ಮಾ, ಈ ಸಲ ಗೇಣು ಸೇರಿಸ್ಬ್ಯಾಡ.”

“ಯಾವ ಗೇಣೋ?”

“ಕಾಲು ಸೋತಾವೆ, ಕಣ್ಣಲ್ಲ. ಟೇಲರ್ ಥರ ಮಾತೆ ಹತ್ರಾನೂ ಮಾರ್ಜಿನ್ ಬಿಡ್ತೀಯಲ್ಲ ನೀನು!”

“ಉದ್ದ ಕಂಡ್ರೆ ಎಬ್ಬಿಸ್ತಾಳೇನೋ ಅಂತ.”

“ನಂಗೆ ಸಾಕಾಗೈತಮ್ಮ. ಇನ್ನ ಕೇಳ್ಬ್ಯಾಡ. ಹೆಂಗಿದೀನೋ ಹಂಗೇ ಕೊಟ್ಟು ಬಾ.”

ಮರುದಿನ ದಾರ ನೋಡಿದ ನೂರ್ಜಹಾನ್, “ಇದೇನಕ್ಕ, ಹೋದ ವರ್ಷ...” ಎಂದು ಅಲ್ಲಿಗೇ ನಿಲ್ಲಿಸಿದರು.

“ಇದು ಸರಿಯಾದ ಅಳತೆ. ಇಲ್ಲೀತನಕ ತಂದಿದ್ದು ತಪ್ಪು,” ಎಂದರು ರೆಜಿನಮ್ಮ.

ನೂರ್ಜಹಾನ್ ಆ ಅಳತೆಗೇ ಬತ್ತಿ ಕಟ್ಟಿ ಮೇಣ ಸುರಿದು, ದಾರವನ್ನು ವಾಪಸ್ ಕೊಟ್ಟರು.

ಮೇಣದಬತ್ತಿ ಹಚ್ಚಿ, “ಎಬ್ಬಿಸಿ ನಿಲ್ಲಿಸು ತಾಯಿ” ಎಂದು ಬೇಡುವುದು ರೆಜಿನಮ್ಮನ ರೂಢಿ. ಅಂದು ಆ ಮಾತು ಆಡಲಿಲ್ಲ. “ನೀನೂ ಮಗನ್ನ ಕೊಟ್ಟೋಳು. ನನ್ನೋನು ಇಷ್ಟೇ ಇದಾನೆ. ನಿನ್ನ ಮಗನ ಕೈಗೆ ಹಾಕಿದೀನಿ. ಇಟ್ಕೊಂಡ್ರೂ ಕರ್ಕೊಂಡ್ರೂ ಆತನ ಚಿತ್ತ,” ಎಂದರಂತೆ. ಬತ್ತಿ ಪೂರ್ತಿ ಉರಿಯುವವರೆಗೆ ಕಾಯುತ್ತಿದ್ದವರು ಅಂದು ಹಚ್ಚಿದ ಕೂಡಲೇ ದಾವಣಗೆರೆಯ ಬಸ್ಸು ಹತ್ತಿದರು. ಮನೆಯಲ್ಲಿ ಮಗನಿದ್ದ.

ಕ್ರಿಸ್‌ಮಸ್‌ಗೆ ಮುಂಚೆಯೇ ಇನ್ನಾಸಿ ಹೋದ. ಶವಪೆಟ್ಟಿಗೆ ಮಾಡುವ ಬಡಗಿ ಮಲ್ಲೇಶಪ್ಪ ಹೊಸ್ತಿಲಲ್ಲೇ ನಿಂತು, “ಅಳತೆ ಬೇಕಿತ್ತು ತಾಯಿ,” ಎಂದರು. ರೆಜಿನಮ್ಮ ಮಾತೆಯ ಪಟದ ಹಿಂದಿಂದ ಆ ದಾರ ತೆಗೆದುಕೊಟ್ಟರು.

ಮಲ್ಲೇಶಪ್ಪ ಮಂಚದತ್ತ ನೋಡಿದರು. “ಕಾಲು ನೇರ ಮಾಡಿದ್ರೆ ಇದು ಸಾಲಂಗಿಲ್ಲಮ್ಮ.”

“ನೇರ ಮಾಡ್ಬ್ಯಾಡ್ರಿ ಅಣ್ಣಾ,” ಎಂದರು ರೆಜಿನಮ್ಮ. “ಹೆಂಗಿದ್ನೋ ಹಂಗೇ ಹೋಗ್ಲಿ.”