ನೀವು ಟೆಕ್ನಿಕಲ್ ಅಲ್ಲಲ್ಲರಿ

ಕನ್ನಡದಲ್ಲಿ ಬರೆಯಲು ಕೆಲವರು ಸೇರಿ ಒಂದು ಮುಕ್ತ ತಂತ್ರಾಂಶ ಮಾಡುತ್ತಿದ್ದಾರೆ ಎಂದು ಕೇಳಿದಾಗ ನಾನು ಜಮಖಂಡಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಸಹಾಯಕಿಯಾಗಿದ್ದೆ. ಯಾರು ಬೇಕಾದರೂ ಬಳಸಬಹುದು, ಒಳಗಿನ ಕೋಡ್ ಬಿಚ್ಚಿ ನೋಡಬಹುದು, ತಿದ್ದಬಹುದು. ಅದರ ಮುಖಂಡ ಲೋಕಾಪುರದ ಒಬ್ಬ ಉಪನ್ಯಾಸಕ. “ನಮ್ಮಲ್ಲಿ ದೊಡ್ಡವ್ರು ಸಣ್ಣವ್ರು ಅಂತ ಯಾರೂ ಇಲ್ರಿ, ಬರ್ರಿ” ಅಂದ. ಹೋದೆ.

ಮೆನುಗಳನ್ನೆಲ್ಲ ಕನ್ನಡಕ್ಕೆ ತಂದೆ, ಕೈಪಿಡಿ ಬರೆದೆ. ಅದರಲ್ಲಿ ನನ್ನ ಫೋನ್ ನಂಬರ್ ಇದ್ದುದರಿಂದ ಸಾಲಿ ಮಾಸ್ತರರು, ಫ್ಯಾಕ್ಟರಿ ಗುಮಾಸ್ತರು ನಾನು ರೊಟ್ಟಿ ಬಡಿಯುವ ಹೊತ್ತಿಗೆ ಸರಿಯಾಗಿ ಫೋನ್ ಮಾಡುತ್ತಿದ್ದರು. ನನ್ನ ಗೆಳತಿ ಬನಹಟ್ಟಿಯಲ್ಲಿ ಶಿಕ್ಷಕಿ. ಮನೆಯ ಮಗ್ಗಗಳ ಸಪ್ಪಳದ ನಡುವೆ ಕೂತು ತಂತ್ರಾಂಶದ ತಪ್ಪು ಹುಡುಕುವುದು ಅವಳ ಕೆಲಸ. “ಒತ್ತಕ್ಷರ ಮುರೀತಾವ” ಎಂದು ಅವಳು ಬರೆದರೆ, “ಕೋಡ್ ಮುಕ್ತವಾಗಿದೆ, ನೀವೇ ತಿದ್ದಿ ಕಳಿಸಿ” ಎಂದು ಉತ್ತರ ಬರುತ್ತಿತ್ತು. ಸಾರಿಗೆ ಉಪ್ಪಿಲ್ಲ ಎಂದ ಗಿರಾಕಿಯನ್ನು ಹೋಟೆಲಿನವರು ಒಲೆಯ ಮುಂದೆ ನಿಲ್ಲಿಸಿದ ಹಾಗೆ.

ಮುಧೋಳದಲ್ಲಿ ಒಂದು ಸಮಾವೇಶ ನಡೆಯಿತು. ಮುಖಂಡ ಮೈಕು ಹಿಡಿದು, “ಕೋಡ್ ಬರೆದು ಕೊಟ್ಟವ್ರೆಲ್ಲಾ ಮ್ಯಾಲ ಬರ್ರಿ” ಎಂದ. ಒಂದು ಅಲ್ಪವಿರಾಮವನ್ನು ಆಚೆಯಿಂದ ಈಚೆಗೆ ಸರಿಸಿದ್ದವನೂ ವೇದಿಕೆ ಹತ್ತಿದ. ಅವನಿಗೂ ಶಾಲು, ಟೀ ಶರ್ಟು. ಕೊನೆಗೆ ಮುಖಂಡನ ಕಣ್ಣು ನಮ್ಮಿಬ್ಬರ ಮೇಲೆ ಬಿತ್ತು. ಇಳಿದು ಬಂದು ಮೆಲ್ಲಗೆ ಹೇಳಿದ: “ಅಕ್ಕಾರ, ಊಟದ ಕಡೆ ಸ್ವಲ್ಪ ನೋಡ್ತೀರೇನ್ರಿ? ನೀವು ಟೆಕ್ನಿಕಲ್ ಅಲ್ಲಲ್ಲರಿ.”

“ಉಣ್ಣೂದರಾಗೂ ನೀವ ಟೆಕ್ನಿಕಲ್ ಇರಬೇಕಲ್ಲಪಾ,” ಅಂದೆ. “ನೀವ ನೋಡ್ಕೋರಿ.”

ಗೆಳತಿ ಚೀಲ ಎತ್ತಿಕೊಂಡಳು. ಇನ್ನು ಮುಂದೆ ನಮ್ಮ ಕೆಲಸ ಬಂದ್ ಎಂದು ಅವನ ಮುಖಕ್ಕೇ ಹೇಳಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನನಗೆ ಸಿಟ್ಟು. ಆ ಟೀ ಶರ್ಟಿನ ಬಣ್ಣ ಛಲೋ ಇತ್ತು ಅನ್ನುವುದಕ್ಕೆ ಇನ್ನಷ್ಟು ಸಿಟ್ಟು.

ಹೊಸ ಆವೃತ್ತಿಯ ಕನ್ನಡವನ್ನು ಅವರೇ ಮಾಡಿಕೊಂಡರು. ‘ಎಕ್ಸಿಕ್ಯೂಟ್’, ‘ಅಬಾರ್ಟ್’ ಎಂಬ ಶಬ್ದಗಳಿಗೆ ನಿಘಂಟಿನಲ್ಲಿ ಕಣ್ಣಿಗೆ ಬಿದ್ದ ಅರ್ಥ ಎತ್ತಿ ಹಾಕಿದರು. ಬೀಳಗಿ ಕಡೆ, ಹಿನ್ನೀರಿಗೆ ಊರು ಬಿಟ್ಟು ಬಂದವರ ಪುನರ್ವಸತಿ ಕೇಂದ್ರದ ಶಾಲೆಯಲ್ಲಿ ಹೆಡ್‌ಮಾಸ್ತರರು ಮೇಲಧಿಕಾರಿಗೆ ತೋರಿಸಲೆಂದು ಅದನ್ನು ತೆರೆದರಂತೆ. “ಈ ಆಜ್ಞೆಯನ್ನು ಗಲ್ಲಿಗೇರಿಸಲೇ?” ಎಂದು ಕೇಳಿತು. ಗಾಬರಿಯಾಗಿ ಬೇಡ ಎಂದು ಒತ್ತಿದರೆ, “ಗರ್ಭಪಾತ ಯಶಸ್ವಿಯಾಗಿದೆ” ಎಂದಿತು.

ಹೆಡ್‌ಮಾಸ್ತರರು ಹಳೆಯ ಕೈಪಿಡಿ ಹುಡುಕಿ ನನಗೇ ಫೋನ್ ಮಾಡಿದರು. “ಇದು ಸಾಲಿ ಐತ್ರಿ, ಬಾಯಾರ! ಏನೇನ ಬರದೀರಿ?”

ಸಮಾಧಾನದಿಂದ ಮುಖಂಡನ ನಂಬರ್ ಕೊಟ್ಟೆ. ಆಮೇಲೆ ಬಂದ ಫೋನುಗಳಿಗೆಲ್ಲ ಅದನ್ನೇ ಕೊಡುತ್ತ ಹೋದೆ.

ಕೆಲವೇ ದಿನಗಳಲ್ಲಿ ಅವನು ಗ್ರಂಥಾಲಯಕ್ಕೆ ಬಂದು ನಿಂತ. ಧ್ವನಿ ಕೂತುಹೋಗಿತ್ತು.

“ಅಕ್ಕಾರ, ಬಾಡಗಂಡಿ ಕಡಿಂದ ಒಬ್ಬಾಂವ ಪರದೆ ಕರ್ರಗಾಗೇತಿ ಅಂತ ಬಾಯಿಗೆ ಬಂದಂಗ ಬೈದರಿ. ಕಡೀಕ ನೋಡಿದ್ರ ಅಲ್ಲಿ ಕರೆಂಟ ಇರ್ಲಿಲ್ಲ!”

“ನೀ ಏನಂದಿ?”

“ಇದು ನಮ್ಮ ವ್ಯಾಪ್ತಿಗೆ ಬರೂದಿಲ್ಲ ಅಂದ್ನಿ. ಮತ್ತಷ್ಟು ಬೈದಾ. ವಾಪಸ್ ಬರ್ರಿ ಅಕ್ಕಾರ.”

“ಬರ್ತೀವಿ. ಆದ್ರ ಕೈಪಿಡಿ ಮುಗಿಯೂತನಕ ಹೊಸಾದು ಹೊರಗ ಬಿಡೂ ಹಂಗಿಲ್ಲ. ನನ್ನ ಗೆಳತಿ ತಪ್ಪೈತಿ ಅಂದ್ರ ಅಲ್ಲಿಗೇ ನಿಲ್ಲಬೇಕು. ಮತ್ತ ಫೋನ್ ಎತ್ತೂ ಪಾಳಿ ಎಲ್ಲಾರಿಗೂ.”

“ಕೋಡ್ ಬರಿಯೋರಿಗೂ ಏನ್ರಿ?”

“ಯಾಕ, ಅವರಿಗೆ ಕಿವಿ ಇಲ್ಲೇನು?”

ಒಪ್ಪಿದ. ಸಮುದಾಯದ ಗುಣಮಟ್ಟ ಹಾಳಾಯಿತು ಎಂದು ಕೋಡ್ ಬರೆಯುವ ಇಬ್ಬರು ಉದ್ದನೆಯ ಇಮೇಲ್ ಬರೆದು ಬಿಟ್ಟುಹೋದರು. ಅವರಿಲ್ಲದೆ ಏನೂ ನಿಲ್ಲಲಿಲ್ಲ. ಅವರಿಗೆ ಅದೇ ಹೆಚ್ಚು ನೋವಾಗಿರಬೇಕು.

ಮರುವರ್ಷ ರಬಕವಿಯಲ್ಲಿ ಸೇರಿದಾಗ ಹೊಸ ಪ್ರಶಸ್ತಿಯೊಂದನ್ನು ಸಾರಿದರು: ‘ಅತ್ಯುತ್ತಮ ಕೋಡೇತರ ಕೊಡುಗೆ’. ಕಾಲೇಜಿನಲ್ಲಿ ನಾನು ‘ಬೋಧಕೇತರ’, ಇಲ್ಲಿ ‘ಕೋಡೇತರ’. ಈ ಲೆಕ್ಕದಲ್ಲಿ ನಮ್ಮ ಕಡೆಯ ಕುರಿಗಳನ್ನೆಲ್ಲ ‘ಆಕಳೇತರ’ ಎಂದು ಕರೆಯಬೇಕು. ಆದರೂ ಇಬ್ಬರೂ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆವು.

ಪ್ರಶಸ್ತಿ ಮುಖಂಡನಿಗೆ ಹೋಯಿತು. ತನ್ನ ಪಾಳಿಯಲ್ಲಿ ಒಂದು ತಿಂಗಳು ಫೋನ್ ಎತ್ತಿದ್ದಕ್ಕೆ.

ಬಳಕೆದಾರರ ಕಷ್ಟ ಕೇಳಿ ತಾನು ಹೇಗೆ ಬೇರೆ ಮನುಷ್ಯನಾದೆ ಎಂದು ಅವನು ಭಾಷಣ ಮಾಡಿ ಕಣ್ಣೊರೆಸಿಕೊಂಡ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೆಳತಿ ನನ್ನ ಕಿವಿಯಲ್ಲಿ, “ಒಂದ ತಿಂಗಳಿಗೆ ಇಷ್ಟ ದೊಡ್ಡ ಫಲಕ ಅಂದ್ರ, ನಮ್ಮದು ಒಯ್ಯಾಕ ಕಬ್ಬಿನ ಟ್ರ್ಯಾಕ್ಟರ್ ತರಿಸಬೇಕಾಕ್ಕೈತಿ ನೋಡ” ಅಂದಳು. ನಗು ತಡೆಯಲಾಗದೆ ನಾನು ಕೆಮ್ಮಿದಂತೆ ಮಾಡಿ ಹೊರಗೆ ಓಡಿದೆ.

ಆದರೆ ಅವನು ಕೊಟ್ಟ ಮಾತಿಗೆ ತಪ್ಪಲಿಲ್ಲ, ಅಷ್ಟನ್ನು ಹೇಳಲೇಬೇಕು. ಮುಂದಿನ ಆವೃತ್ತಿಯನ್ನು ಗೆಳತಿ ತಡೆದಾಗ ಹಲ್ಲು ಕಚ್ಚಿ ಬಿಡುಗಡೆ ಮುಂದೂಡಿದ. ಪಾಳಿಯನ್ನೂ ಬಿಡಲಿಲ್ಲ. ಹಿಪ್ಪರಗಿಯಿಂದ ಹಿಡಿದು ಎಲ್ಲೆಲ್ಲಿಯವರೋ ಈಗ, “ಅವರು ಫೋನ್‌ನ್ಯಾಗ ಭಾಳ ಛಲೋ ತಿಳಿಸಿ ಹೇಳ್ತಾರ್ರಿ” ಎಂದು ಅವನನ್ನು ಹೊಗಳುತ್ತಾರೆ. ಪಾಪ, ಅವನ ಕೋಡ್ ಬಗ್ಗೆ ಮಾತ್ರ ಇದುವರೆಗೆ ಯಾರೂ ಏನೂ ಅಂದಿಲ್ಲ.