ಯೇವೂರು ಗುಡ್ಡದ ಬಂಗಲೆಗೆ ಗಿರಾಕಿ ಬಂದ ದಿನ

ಮುಂಬಯಿಯ ಪಕ್ಕದ ಠಾಣೆ ಊರಿನ ಹೊರಗೆ, ಯೇವೂರು ಗುಡ್ಡದ ಇಳಿಜಾರಿನಲ್ಲಿದ್ದ ಆ ಬಂಗಲೆಯನ್ನು ಮೊದಲ ಸಲ ಕಂಡವರು ಇದು ಇಗರ್ಜಿಯೇ, ಚರ್ಚೇ ಎಂದು ಕೇಳುತ್ತಿದ್ದರು. ಸುಣ್ಣದ ಬಿಳಿ ಗೋಡೆ, ಕಮಾನುಗಳ ವರಾಂಡ, ಮೆಟ್ಟಿಲಿಗೆ ನೀಲಿ ಹೂವಿನ ಟೈಲ್ಸು, ನಡುವಿನ ಅಂಗಳದಲ್ಲೊಂದು ಬತ್ತಿದ ಕಾರಂಜಿ. ಹಡಗಿನ ವ್ಯಾಪಾರದ ಪಾರ್ಸಿ ಸಾಹುಕಾರನೊಬ್ಬ ಇಟಲಿಯಲ್ಲಿ ಇಂಥ ಮನೆ ಕಂಡು ಮರುಳಾಗಿ ಬ್ರಿಟಿಷರ ಕಾಲದಲ್ಲಿ ಕಟ್ಟಿಸಿದ್ದನಂತೆ. ಹಂಚು ಮಾತ್ರ ಮಂಗಳೂರಿನದು. ಅದೊಂದೇ ಕಾರಣಕ್ಕೆ ಅಮ್ಮ ಆ ಮನೆಯಲ್ಲಿ ತನಗೂ ಪಾಲುಂಟು ಎಂಬಂತೆ ಮಾತಾಡುತ್ತಿದ್ದಳು. ನಮಗಿದ್ದದ್ದು ಹಿತ್ತಲ ಕೋಣೆ ಒಂದೇ. ಅಪ್ಪ ಅಲ್ಲಿ ಮಾಲಿಯೂ ಹೌದು, ಕಾವಲುಗಾರನೂ ಹೌದು. ಉಡುಪಿಯ ಕಡೆಯಿಂದ ಹೋಟೆಲು ಕೆಲಸಕ್ಕೆ ಬಂದು, ಅಡುಗೆಮನೆಯ ಹೊಗೆ ಎದೆಗಾಗದೆ ಗುಡ್ಡ ಹತ್ತಿದವರು. ನಾನು ಹುಟ್ಟಿದ್ದು ಆ ಕೋಣೆಯಲ್ಲೇ.

ಎಪ್ಪತ್ತರ ದಶಕದ ಕೊನೆಗೆ, ನಾನು ಹತ್ತನೆಯದು ಮುಗಿಸಿದ ಬೇಸಿಗೆಯಲ್ಲಿ, ಮುಂಬಯಿಯಲ್ಲಿದ್ದ ಒಡತಿ ಮನೆ ಮಾರಲು ಹೊರಟರು. ಭಾನುವಾರ ಬಂತೆಂದರೆ ದಲಾಲ ಯಾರನ್ನಾದರೂ ಕರೆತರುತ್ತಿದ್ದ. ಒಬ್ಬ ಬಿಲ್ಡರ್ ಎರಡು ಸಲ ಬಂದ. ಅವನು ಒಳಗೆ ಕಾಲಿಡಲೇ ಇಲ್ಲ. ಬೇಲಿಯಿಂದ ಬೇಲಿಗೆ ಹೆಜ್ಜೆ ಹಾಕಿ ಜಾಗ ಅಳೆದು ಕಾರು ಹತ್ತಿದ. ಅವನು ಕೊಂಡರೆ ಮನೆ ನೆಲಸಮ, ನಾವು ಬೀದಿಪಾಲು. ವಾಸಕ್ಕೆಂದು ಯಾರಾದರೂ ಕೊಂಡರೆ ಮಾಲಿ ಬೇಕೇ ಬೇಕು, ಕೋಣೆ ಉಳಿಯುತ್ತದೆ. ಅಪ್ಪ ಇಷ್ಟು ಹೇಳಿದ್ದರು.

ಕಡೆಗೊಮ್ಮೆ ಒಬ್ಬ ಗುಜರಾತಿ ಡಾಕ್ಟರು ಹೆಂಡತಿಯೊಂದಿಗೆ ಬಂದರು. ಆಕೆ ಕಮಾನುಗಳ ಕೆಳಗೆ ಓಡಾಡಿ, ಇಲ್ಲಿ ಉಯ್ಯಾಲೆ ಹಾಕಬಹುದು ಎಂದು ಗಂಡನಿಗೆ ಹೇಳಿದಾಗ ಅಪ್ಪ ನನ್ನ ಮುಖ ನೋಡಿದರು. ಅಮ್ಮ ನಮ್ಮೂರ ಪದ್ಧತಿಯಂತೆ ಬೆಲ್ಲ ನೀರು ತಂದಿಟ್ಟಳು. ಡಾಕ್ಟರು ಬೆಲ್ಲ ಬಾಯಿಗೆ ಹಾಕಿಕೊಂಡು, ಮುಂದೆಯೂ ನೀವೇ ಇರುತ್ತೀರಲ್ಲ ಎಂದು ಅಪ್ಪನನ್ನು ಕೇಳಿದರು. ಅಪ್ಪ ಹೌದೆಂದು ತಲೆಯಾಡಿಸಿದರು. ಅಷ್ಟರಲ್ಲಿ ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳ್ಳೆಯದೇ ಆಯಿತು, ಪಾತ್ರೆ ತೊಳೆಯಲು ಈ ಹುಡುಗಿಯೂ ಇದ್ದಾಳೆ ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಕಾಲೇಜು ಸೇರುವ ಕನಸಿನಲ್ಲಿದ್ದ ನನಗೆ ಮೈಯೆಲ್ಲ ಉರಿಯಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ, ಈಗಲೂ ಅಲ್ಲೇ ಇದೆ.

ಹಿತ್ತಲಿಗೆ ಬಂದೆವು. ಅಪ್ಪ ಡಾಕ್ಟರಿಗೆ ಬಾವಿ ತೋರಿಸುತ್ತಿದ್ದರು. ಈಚೆ ಹಲಸಿನ ಮರದ ಬುಡದಲ್ಲಿ ಒಂದು ಹುತ್ತವಿತ್ತು. ಅಮ್ಮ ಒಮ್ಮೆ ಅದರ ಬಳಿ ನಾಗರಹಾವು ಕಂಡಿದ್ದಳು. ಅಂದಿನಿಂದ ಅರಿಶಿನ ಹಚ್ಚಿ, ಪಂಚಮಿಗೆ ಹಾಲೆರೆಯುತ್ತಿದ್ದಳು. ನಮ್ಮ ಕಡೆ ಜಾಗದಲ್ಲಿ ನಾಗನಿದ್ದಾನೆ ಎಂಬುದಕ್ಕಿಂತ ದೊಡ್ಡ ಶಿಫಾರಸು ಇಲ್ಲ. ಡಾಕ್ಟರ ಹೆಂಡತಿ ಅರಿಶಿನ ನೋಡಿ ಇದೇನು ಎಂದು ಹಿಂದಿಯಲ್ಲಿ ಕೇಳಿದರು. ಅಮ್ಮನಿಗೆ ತುಳು, ನಮ್ಮೂರ ಕನ್ನಡ ಬಿಟ್ಟರೆ ಬೇರೆ ಬಾರದು. ಮನೆ ಮಾರಾಟವಾಗಿಯೇ ಹೋಯಿತು ಎಂಬ ಖುಷಿಯಲ್ಲಿ ನನ್ನ ಕೈ ಹಿಡಿದಳು.

“ಇಲ್ಲಿ ನಾಗ ಉಂಟು, ಜಾಗ ಕಾಯ್ತಾನೆ. ಇಂಥ ಜಾಗ ಪುಣ್ಯ ಮಾಡಿದವರಿಗೇ ಸಿಗುವುದು ಅಂತ ಹೇಳು ಅವರಿಗೆ.”

ಪೂಜೆಯ ಜಾಗ ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ಪೇಟೆಯವರು ಹಾವೆಂದರೆ ಹೇಗೆ ಹೆದರುತ್ತಾರೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಹೇಳಿದೆ.

“ಇಸ್‌ಮೇ ನಾಗ್ ಹೈ. ಕಭೀ ಕಭೀ ರಸೋಯಿ ಮೇ ಭೀ ಆತಾ ಹೈ.”

ಅಡುಗೆಮನೆಗೂ ಬರುತ್ತದೆ ಎಂಬ ಮಾತು ನನ್ನದು. ಅಮ್ಮ ಹಾಗೆ ಹೇಳಿರಲಿಲ್ಲ, ಹಾವು ಒಂದು ದಿನವೂ ಒಳಗೆ ಬಂದದ್ದೂ ಇಲ್ಲ. ಆಕೆಯ ಮುಖ ಬಿಳಿಚಿಕೊಂಡಿತು. ಸೀರೆಯ ನೆರಿಗೆ ಎತ್ತಿ ಹಿಡಿದು, ಗಂಡನನ್ನು ಕೂಗುತ್ತ ನೇರ ಕಾರಿಗೆ ನಡೆದರು. ದಲಾಲ ಬೆನ್ನಿಗೆ ಓಡಿದ. ಇಷ್ಟು ಬೇಗ ಯಾಕೆ ಹೊರಟರು ಎಂದು ಅಮ್ಮ ನನ್ನನ್ನೇ ಕೇಳಿದಳು. ಬಾವಿಕಟ್ಟೆಯ ಬಳಿ, ನನ್ನ ಮಾತು ಕೇಳುವಷ್ಟು ಹತ್ತಿರದಲ್ಲೇ, ಅಪ್ಪ ನಿಂತಿದ್ದರು. ಹೋಟೆಲಿನಲ್ಲಿ ದುಡಿದವರು, ಅವರಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ನನಗೆ ಆಗ ಆದ ಹೆದರಿಕೆ ಮತ್ತೆಂದೂ ಆಗಿಲ್ಲ. ಅವರು ಬಾವಿಯ ಹಗ್ಗ ಸುತ್ತಿಟ್ಟರು.

ಮನೆಯನ್ನು ಬಿಲ್ಡರ್ ಕೊಂಡ. ನಾವು ಡೊಂಬಿವಲಿಯಲ್ಲಿ ಚಾಳೆಂಬ ವಠಾರದ ಒಂದು ಕೋಣೆಗೆ ಬಂದೆವು, ಅಪ್ಪ ಮತ್ತೆ ಹೋಟೆಲಿನ ಒಲೆಯ ಮುಂದೆ ನಿಂತರು. ಅಮ್ಮ ಚಾಳಿನವರಿಗೆಲ್ಲ ಬಂಗಲೆಯ ಕತೆ ಹೇಳುತ್ತಿದ್ದಳು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಪಕ್ಕದ ಕೋಣೆಯ ಅಕ್ಕನಿಗೂ ಹೇಳಿದಳು.

“ನಾಗನ ವಿಷಯ ಇವಳಿಗೆ ಸರಿಯಾಗಿ ಹೇಳಲಿಕ್ಕೆ ಬರಲಿಲ್ಲ ಮಾರಾಯ್ತಿ. ತಿಳಿದಿದ್ದರೆ ಅವರು ಆ ಜಾಗ ಬಿಡ್ತಿದ್ದರಾ?”

ಅಪ್ಪ ಕೆಮ್ಮಿ ನೀರು ಕುಡಿದರು. “ಹೌದು,” ಎಂದರು, “ಇವಳಿಗೆ ಆಗ ಹಿಂದಿ ಅಷ್ಟು ಬರ್ತಿರಲಿಲ್ಲ.”

ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ.